ಸಂಬಳದ ಪಟ್ಟಿ ಹೇಳಿದ್ದನ್ನೇ ಕಂಪನಿ ಮಾಡುತ್ತದೆ

ಲಂಡನ್ನಿನಲ್ಲಿ ಪ್ರಧಾನ ಕಚೇರಿ ಇರುವ ಲಾಯ್ಡ್ಸ್ ಬ್ಯಾಂಕಿಂಗ್ ಸಮೂಹಕ್ಕೆ 2013ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಹಣಕಾಸು ನಿಯಂತ್ರಣ ಸಂಸ್ಥೆ ಎಫ್‌ಸಿಎ ಸುಮಾರು 2.8 ಕೋಟಿ ಪೌಂಡ್ ದಂಡ ವಿಧಿಸಿತು. ಆ ಪ್ರಕರಣದಲ್ಲಿ ಸುಳ್ಳು ಲೆಕ್ಕವಿರಲಿಲ್ಲ, ಠೇವಣಿ ಹಣವನ್ನು ಯಾರೂ ನುಂಗಿರಲಿಲ್ಲ. ದಂಡ ಬಿದ್ದದ್ದು ಬ್ಯಾಂಕು ತನ್ನ ಸಲಹೆಗಾರರಿಗೆ ಸಂಬಳ, ಬೋನಸ್ ಕೊಡುತ್ತಿದ್ದ ರೀತಿಗೆ. ಆ ರೀತಿಯಿಂದ ಗ್ರಾಹಕರಿಗೆ ಆಗಬಹುದಾದ ಹಾನಿಯನ್ನು ತಡೆಯದೆ ಕುಳಿತದ್ದಕ್ಕೆ.

2010ರ ಜನವರಿಯಿಂದ 2012ರ ಮಾರ್ಚ್‌ವರೆಗೆ ಈ ಸಮೂಹದ ಶಾಖೆಗಳಲ್ಲಿ ಹೂಡಿಕೆ ಯೋಜನೆ, ವಿಮೆ ಇತ್ಯಾದಿ ಹತ್ತು ಲಕ್ಷಕ್ಕೂ ಹೆಚ್ಚು ಪಾಲಿಸಿಗಳು ಮಾರಾಟವಾಗಿದ್ದವು. ಸಮೂಹದ ಹ್ಯಾಲಿಫ್ಯಾಕ್ಸ್ ಬ್ಯಾಂಕಿನಲ್ಲಿ ಗುರಿ ಮುಟ್ಟಿದವರಿಗೆ ಸಾವಿರ ಪೌಂಡ್ ಬಹುಮಾನದ ಯೋಜನೆಯಿತ್ತು. ಲಾಯ್ಡ್ಸ್ ಟಿಎಸ್‌ಬಿಯಲ್ಲಿ ತಿಂಗಳ ಸಂಬಳದ ಶೇ 35ರಷ್ಟನ್ನು ಒಮ್ಮೆಗೇ ಕೊಡುವ 'ಶಾಂಪೇನ್ ಬೋನಸ್' ಇತ್ತು. ಇವೆಲ್ಲಕ್ಕಿಂತ ಕಠಿಣವಾಗಿದ್ದದ್ದು ಮೂಲ ಸಂಬಳದ ನಿಯಮ. ಮಾರಾಟದ ಗುರಿ ತಪ್ಪಿದವರ ದರ್ಜೆ ತಾನಾಗಿಯೇ ಇಳಿಯುತ್ತಿತ್ತು. ವರ್ಷಕ್ಕೆ 33,706 ಪೌಂಡ್ ಪಡೆಯುವ ಮಧ್ಯಮ ದರ್ಜೆಯ ಸಲಹೆಗಾರರು ಒಂದು ಮೆಟ್ಟಿಲು ಇಳಿದರೆ ಸಂಬಳ 25,927ಕ್ಕೆ ಬೀಳುತ್ತಿತ್ತು. ಎರಡು ಮೆಟ್ಟಿಲು ಇಳಿದರೆ 18,189ಕ್ಕೆ. ಮನೆ ಸಾಲದ ಕಂತು, ಮಕ್ಕಳ ಖರ್ಚು ಹೊತ್ತ ಮನುಷ್ಯನ ಸುಮಾರು ಅರ್ಧ ಸಂಬಳ ಮುಂದಿನ ಗ್ರಾಹಕರ ಸಹಿಯ ಮೇಲೆ ನಿಂತಿತ್ತು. ದರ್ಜೆ ಉಳಿಸಿಕೊಳ್ಳಲು ಒಬ್ಬ ಸಲಹೆಗಾರ ತನಗೆ, ತನ್ನ ಹೆಂಡತಿಗೆ, ಜೊತೆಗೊಬ್ಬ ಸಹೋದ್ಯೋಗಿಗೆ ತಾನೇ ಪಾಲಿಸಿ ಮಾರಿಕೊಂಡ ಸಂಗತಿ ತನಿಖೆಯಲ್ಲಿ ಹೊರಬಂತು.

ಇನ್ನೂ ಗಂಭೀರವಾದದ್ದು ಬೇರೆಯೇ ಇತ್ತು. ಬ್ಯಾಂಕು ಕೆಲವು ಮಾರಾಟಗಳನ್ನು ತಾನೇ ಪರಿಶೀಲಿಸುತ್ತಿತ್ತು. ಹಾಗೆ ಪರಿಶೀಲಿಸಿದ ಎಲ್ಲ ಮಾರಾಟಗಳೂ ಗ್ರಾಹಕರಿಗೆ ಹೊಂದದವು, ಅಥವಾ ಹೊಂದದಿರಬಹುದಾದವು ಎಂದು ಗೊತ್ತಾದ ಮೇಲೂ ಇನ್ನೂರಕ್ಕೂ ಹೆಚ್ಚು ಸಲಹೆಗಾರರ ಕೈಗೆ ಆ ತಿಂಗಳ ಬೋನಸ್ ಸೇರಿತ್ತು. ತಪ್ಪು ನಡೆದಿದೆ ಎಂದು ಒಂದು ವಿಭಾಗ ಬರೆದಿಡುತ್ತಿದ್ದಾಗ, ಶಹಬ್ಬಾಸ್ ಎಂದು ಇನ್ನೊಂದು ವಿಭಾಗ ಹಣ ಹಾಕುತ್ತಿತ್ತು.

ಈ ಪ್ರಕರಣವನ್ನು ದುರಾಸೆಯ ನೌಕರರ ಕಥೆ ಎಂದು ಓದಿದರೆ ಪಾಠ ತಪ್ಪಿಹೋಗುತ್ತದೆ. ಆ ಸಲಹೆಗಾರರು ಆದೇಶ ಪಾಲಿಸಿದರು. ಗ್ರಾಹಕರ ಹಿತವೇ ಮೊದಲು ಎಂಬ ಮಾತು ಬ್ಯಾಂಕಿನ ವಾರ್ಷಿಕ ವರದಿಯಲ್ಲಿ ಎಷ್ಟು ಸಲ ಬಂದಿದ್ದರೂ ಪ್ರತಿ ತಿಂಗಳು ಅವರ ಖಾತೆಗೆ ಬಂದು ಬೀಳುತ್ತಿದ್ದ ಆದೇಶ ಒಂದೇ: ಹೆಚ್ಚು ಮಾರಿ. ಸಂಸ್ಥೆಯೊಂದು ತನ್ನ ಗುರಿ ಏನೆಂದು ನೌಕರರಿಗೆ ಹೇಳುವ ಅತ್ಯಂತ ಗಟ್ಟಿಯಾದ ದನಿ ಸಂಬಳ. ಗೋಡೆಯ ಮೇಲಿನ ಧ್ಯೇಯವಾಕ್ಯ ಒಂದು ಹೇಳಿ ಸಂಬಳದ ಚೀಟಿ ಇನ್ನೊಂದು ಹೇಳಿದರೆ ಗೆಲ್ಲುವುದು ಯಾವಾಗಲೂ ಚೀಟಿಯೇ.

ಅಳೆದದ್ದು ಸಿಗುತ್ತದೆ, ಬೇಕಾದದ್ದಲ್ಲ

ಈ ವಿಷಯ ವಿದ್ವಾಂಸರಿಗೆ ಹೊಸದಲ್ಲ. ಅಮೆರಿಕದ ಸ್ಟೀವನ್ ಕೆರ್ 1975ರಲ್ಲಿ ಬರೆದ ಪ್ರಬಂಧವೊಂದು ಇಂದಿಗೂ ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಪಾಠವಾಗುತ್ತದೆ. ಒಂದಕ್ಕೆ ಬಹುಮಾನ ಕೊಡುತ್ತಾ ಇನ್ನೊಂದನ್ನು ನಿರೀಕ್ಷಿಸುವ ಮೂರ್ಖತನವೇ ಅದರ ವಸ್ತು. ಅದೇ ವರ್ಷ, ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿದ್ದ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹಣಕಾಸು ನೀತಿಯ ಸಂದರ್ಭದಲ್ಲಿ ಒಂದು ಮಾತು ಹೇಳಿದರು. ಅಂಕಿಸಂಖ್ಯೆಗಳಲ್ಲಿ ಕಾಣುವ ಸಂಬಂಧವನ್ನೇ ಹಿಡಿದು ನಿಯಂತ್ರಿಸಲು ಹೊರಟರೆ ಆ ಸಂಬಂಧವೇ ಕುಸಿಯುತ್ತದೆ ಎಂಬುದು ಅದರ ತಿರುಳು. ಗುಡ್‌ಹಾರ್ಟ್ ನಿಯಮ ಎಂದು ಹೆಸರಾದ ಅದನ್ನು ಸಂಬಳಕ್ಕೆ ಅನ್ವಯಿಸಿದರೆ ಹೀಗಾಗುತ್ತದೆ: ಯಾವ ಅಳತೆಗೆ ಹಣ ಕಟ್ಟುತ್ತೀರೋ ಆ ಅಳತೆಯನ್ನು ನಂಬುವಂತಿಲ್ಲ.

ನಮ್ಮ ಹಳ್ಳಿಗಳ ಡೇರಿಯಲ್ಲಿ ಇದು ಎಂದೋ ಇತ್ಯರ್ಥವಾದ ವಿಷಯ. ಹಾಲನ್ನು ಬರೀ ಲೀಟರಿನ ಲೆಕ್ಕದಲ್ಲಿ ಕೊಂಡರೆ ಕ್ಯಾನಿಗೆ ನೀರು ಸೇರುತ್ತದೆ. ಅದಕ್ಕೇ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಫ್ಯಾಟ್ ನೋಡುತ್ತಾರೆ, ಕೊಬ್ಬು ಬಿಟ್ಟು ಉಳಿದ ಘನಾಂಶ (ಎಸ್‌ಎನ್‌ಎಫ್) ನೋಡುತ್ತಾರೆ, ಆಮೇಲೆ ದರ ಹಾಕುತ್ತಾರೆ. ಸಂಘಕ್ಕೆ ಬೇಕಾದದ್ದು ಗಟ್ಟಿ ಹಾಲು. ಹಣವೂ ಗಟ್ಟಿ ಹಾಲಿಗೇ. ಲಾಯ್ಡ್ಸ್ ಬ್ಯಾಂಕು ಲೀಟರಿಗೆ ಹಣ ಕೊಟ್ಟು ಗಟ್ಟಿ ಹಾಲು ಬರುತ್ತದೆಂದು ಕಾದಿತ್ತು.

ಅದೊಂದೇ ಬ್ಯಾಂಕೂ ಅಲ್ಲ. ಎಫ್‌ಸಿಎಗಿಂತ ಮೊದಲಿದ್ದ ನಿಯಂತ್ರಣ ಸಂಸ್ಥೆ ಎಫ್‌ಎಸ್‌ಎ 2012ರಲ್ಲಿ 22 ಹಣಕಾಸು ಸಂಸ್ಥೆಗಳ ಪ್ರೋತ್ಸಾಹಧನ ಯೋಜನೆಗಳನ್ನು ತೆರೆದು ನೋಡಿದಾಗ ಹೆಚ್ಚುಕಮ್ಮಿ ಎಲ್ಲದರಲ್ಲೂ ಗ್ರಾಹಕರಿಗೆ ಬೇಡದ್ದನ್ನು ಮಾರಲು ಪ್ರೇರೇಪಿಸುವ ಅಂಶಗಳು ಕಂಡವು. ಇದನ್ನು ದೂರದ ಊರಿನ ಸುದ್ದಿ ಎಂದು ಬಿಡುವಂತಿಲ್ಲ. ಎಫ್‌ಡಿ ಮಾಡಿಸಲು ಬ್ಯಾಂಕಿಗೆ ಹೋದ ಹಿರಿಯರು ವಿಮಾ ಪಾಲಿಸಿ ಹಿಡಿದುಕೊಂಡು ಮನೆಗೆ ಬಂದದ್ದು ನಮ್ಮ ಎಷ್ಟೋ ಕುಟುಂಬಗಳ ಅನುಭವ. ಕೌಂಟರಿನಲ್ಲಿ ಕುಳಿತ ಹುಡುಗನನ್ನೋ ಹುಡುಗಿಯನ್ನೋ ಬೈಯುವುದು ಸುಲಭ. ಅವರ ತಿಂಗಳ ಟಾರ್ಗೆಟ್ ಬರೆದವರು ಯಾರು ಎಂಬ ಪ್ರಶ್ನೆ ಮೊದಲು ಬರಬೇಕು.

ಬೋನಸ್ ಇವತ್ತು, ನಷ್ಟ ನಾಳೆ

ಅಳತೆ ಸರಿಯಿದ್ದರೂ ಅವಧಿ ತಪ್ಪಬಹುದು. 2008ರ ಅಕ್ಟೋಬರ್‌ನಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಮತ್ತು ಎಚ್‌ಬಿಒಎಸ್ ಬ್ಯಾಂಕುಗಳನ್ನು ಬ್ರಿಟನ್ ಸರ್ಕಾರ ಜನರ ತೆರಿಗೆ ಹಣ ಹಾಕಿ ಎತ್ತಿ ನಿಲ್ಲಿಸಬೇಕಾಯಿತು. ಅಲ್ಲಿಯವರೆಗೆ ಲಂಡನ್ನಿನ ಹಣಕಾಸು ವಲಯದಲ್ಲಿ ಬೋನಸ್ ಎಂದರೆ ಆ ವರ್ಷದ ಲಾಭದ ಪಾಲು. ಸಾಲ ಕೊಟ್ಟ ವರ್ಷ ಲಾಭ ಕಾಣುತ್ತದೆ. ಸಾಲ ಕೆಡುವುದು ನಾಲ್ಕಾರು ವರ್ಷಗಳ ನಂತರ. ಅಷ್ಟರಲ್ಲಿ ಬೋನಸ್ ಖರ್ಚಾಗಿರುತ್ತದೆ, ಪಡೆದವರು ಬೇರೆ ಬ್ಯಾಂಕು ಸೇರಿರುತ್ತಾರೆ. ಗಳಿಕೆಯಲ್ಲಿ ಪಾಲುಂಟು, ನಷ್ಟದಲ್ಲಿ ಇಲ್ಲ ಎಂದಾದಾಗ ಅಪಾಯವನ್ನು ಹೆಚ್ಚಿಸಿಕೊಳ್ಳುವುದೇ ಜಾಣತನವಾಗುತ್ತದೆ.

ಆಮೇಲೆ ಬಂದ ನಿಯಮಗಳು ಈ ಅವಧಿಯ ಅಂತರವನ್ನು ಮುಚ್ಚಲು ನೋಡಿದವು. ಬ್ಯಾಂಕುಗಳಲ್ಲಿ ದೊಡ್ಡ ಅಪಾಯದ ನಿರ್ಧಾರ ಮಾಡುವವರ ಬೋನಸ್‌ನಲ್ಲಿ ಕನಿಷ್ಠ ಶೇ 40ರಷ್ಟನ್ನು, ಮೊತ್ತ ದೊಡ್ಡದಿದ್ದರೆ ಇನ್ನೂ ಹೆಚ್ಚಿನ ಪಾಲನ್ನು ತಡೆಹಿಡಿದು ವರ್ಷಗಳ ಮೇಲೆ ಹಂಚಿ ಕೊಡಬೇಕು. ಬೋನಸ್‌ನ ಒಂದು ಭಾಗವನ್ನು ಷೇರುಗಳ ರೂಪದಲ್ಲೇ ಕೊಡಬೇಕು. ತಪ್ಪು ಬಯಲಾದರೆ ಕೊಟ್ಟದ್ದನ್ನು ಏಳು ವರ್ಷಗಳವರೆಗೂ ವಾಪಸು ಕೇಳಬಹುದು ಎಂಬ ನಿಯಮ 2015ರಲ್ಲಿ ಬಂತು. ತಡೆಹಿಡಿಯುವ ಅವಧಿಯನ್ನು ಇತ್ತೀಚೆಗೆ ಸಡಿಲಿಸಿದ್ದಾರೆ. ಆದರೂ ಒಳಗಿನ ತತ್ವ ಗಟ್ಟಿಯಾಗಿಯೇ ಇದೆ: ನಿರ್ಧಾರದ ಫಲ ಹಣ್ಣಾಗಲು ಎಷ್ಟು ಕಾಲ ಬೇಕೋ, ಅದರ ಬಹುಮಾನವೂ ಅಷ್ಟು ಕಾಲ ಕಾಯಬೇಕು.

ಇನ್ನೊಂದು ನಿಯಮ ಎಡವಿದ ರೀತಿಯಲ್ಲೂ ಕಲಿಯುವುದಿದೆ. ಬೋನಸ್ ಮೂಲ ಸಂಬಳವನ್ನು ಮೀರಕೂಡದು, ಷೇರುದಾರರು ಒಪ್ಪಿದರೂ ಎರಡು ಪಟ್ಟು ದಾಟಕೂಡದು ಎಂದು ಐರೋಪ್ಯ ಒಕ್ಕೂಟ 2014ರಿಂದ ಮಿತಿ ಹಾಕಿತು. ಲಂಡನ್ನಿನ ದೊಡ್ಡ ಬ್ಯಾಂಕುಗಳು ಮೂಲ ಸಂಬಳವನ್ನೇ ಏರಿಸಿದವು, ಹುದ್ದೆಗೆಂದು ಹೊಸ ಭತ್ಯೆ ಸೇರಿಸಿದವು. ಒಟ್ಟು ಮೊತ್ತ ಇಳಿಯಲಿಲ್ಲ. ಮೊದಲು ಕೆಟ್ಟ ವರ್ಷದಲ್ಲಿ ಬೋನಸ್ ಕಡಿಮೆ ಮಾಡಿ ಬ್ಯಾಂಕು ಉಸಿರಾಡಬಹುದಿತ್ತು. ಈಗ ಆ ಖರ್ಚು ಖಾಯಂ ಆಯಿತು. ಈ ವಾದವನ್ನೇ ಮುಂದಿಟ್ಟು ಬ್ರಿಟನ್ 2023ರ ಅಕ್ಟೋಬರ್ 31ರಂದು ಮಿತಿಯನ್ನು ತೆಗೆದುಹಾಕಿತು. ಬ್ಯಾಂಕರುಗಳಿಗೆ ಅಷ್ಟು ಹಣ ಸಲ್ಲುತ್ತದೆಯೇ ಎಂಬುದು ನ್ಯಾಯದ ಪ್ರಶ್ನೆ, ಅದು ಹಾಗೇ ಉಳಿದಿದೆ. ಸಂಬಳದ ರಚನೆಯ ಮಟ್ಟಿಗೆ ಗೊತ್ತಾದದ್ದಿಷ್ಟು: ಒಂದು ಮೂಲೆಯನ್ನು ಒತ್ತಿದರೆ ಹಣ ಇನ್ನೊಂದು ಮೂಲೆಯಲ್ಲಿ ಉಬ್ಬುತ್ತದೆ. ಮೂಲ ಸಂಬಳ, ಬೋನಸ್, ಭತ್ಯೆ, ಷೇರು ಎಲ್ಲವನ್ನೂ ಒಟ್ಟಿಗೆ ನೋಡದೆ ಒಂದನ್ನೇ ತಿದ್ದುವುದು ವ್ಯರ್ಥ.

ಕೆಳಗಿನ ಮೆಟ್ಟಿಲು

ಸಂಬಳದ ತಂತ್ರ ಎಂದಾಗ ಎಲ್ಲರ ಕಣ್ಣು ಮೇಲಿನ ಹುದ್ದೆಗಳತ್ತ ಹೋಗುತ್ತದೆ. ಲಂಡನ್ನಿನ ಅನುಭವದಲ್ಲಿ ಹೆಚ್ಚು ಬೆಲೆಯುಳ್ಳ ಪಾಠ ಬಂದದ್ದು ರಾತ್ರಿ ಪಾಳಿಯಲ್ಲಿ ಕಸ ಗುಡಿಸುವವರಿಂದ. 2001ರಲ್ಲಿ ಪೂರ್ವ ಲಂಡನ್ನಿನ ಚರ್ಚು, ಮಸೀದಿ, ಶಾಲೆ, ಕಾರ್ಮಿಕ ಸಂಘಗಳು ಸೇರಿ ಕಟ್ಟಿದ್ದ ಟೆಲ್ಕೊ ಎಂಬ ಒಕ್ಕೂಟ ಒಂದು ಚಳವಳಿ ಶುರುಮಾಡಿತು. ಕನಿಷ್ಠ ಕೂಲಿಯ ಎರಡೆರಡು ಕೆಲಸ ಮಾಡಿದರೂ ಬಾಡಿಗೆ ಹುಟ್ಟುವುದಿಲ್ಲ, ಮಕ್ಕಳ ಮುಖ ನೋಡಲು ಹೊತ್ತಿಲ್ಲ ಎಂಬುದು ಅಲ್ಲಿನ ತಂದೆತಾಯಿಯರ ಅಳಲು. ಊರಿನ ಖರ್ಚಿಗೆ ತಕ್ಕ ಕೂಲಿ ಕೊಡಿ ಎಂಬುದು ಬೇಡಿಕೆ. ಲಂಡನ್ ಲಿವಿಂಗ್ ವೇಜ್ ಹುಟ್ಟಿದ್ದು ಹೀಗೆ. 2003ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನ ವಾರ್ಷಿಕ ಸಭೆಯಲ್ಲಿ ಕ್ಲೀನರ್ ಒಬ್ಬರು ಎದ್ದು ನಿಂತು, ತಾವು ರಾತ್ರಿ ಯಾರ ಕಚೇರಿ ಗುಡಿಸುತ್ತಿದ್ದರೋ ಆ ಅಧ್ಯಕ್ಷ ಸರ್ ಜಾನ್ ಬಾಂಡ್ ಅವರೊಂದಿಗೇ ನೇರವಾಗಿ ಮಾತಾಡಿದರು. ಆ ಸುದ್ದಿ ಊರೆಲ್ಲ ಹಬ್ಬಿತು. ಮುಂದಿನ ವರ್ಷಗಳಲ್ಲಿ ಪೂರ್ವ ಲಂಡನ್ನಿನ ಹಣಕಾಸು ಕೇಂದ್ರ ಕ್ಯಾನರಿ ವಾರ್ಫ್‌ನ ಬ್ಯಾಂಕುಗಳು ಒಂದೊಂದಾಗಿ ಮಣಿದವು.

ಮಣಿದವರು ಕಂಡುಕೊಂಡ ಸಂಗತಿ ಮುಖ್ಯವಾದದ್ದು. ಲೆಕ್ಕಪರಿಶೋಧನಾ ಸಂಸ್ಥೆ ಕೆಪಿಎಂಜಿಯಲ್ಲಿ ಕೂಲಿ ಏರಿಸಿದ ಮೇಲೆ ಕ್ಲೀನರುಗಳು ಕೆಲಸ ಬಿಟ್ಟುಹೋಗುವುದು ಬಹಳ ಕಡಿಮೆಯಾಯಿತು. ಹೊಸಬರನ್ನು ಹುಡುಕಿ, ಕಲಿಸಿ, ಕಾಯುವ ಖರ್ಚು ಉಳಿಯಿತು. ಪೂರ್ವ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗುತ್ತಿಗೆದಾರರನ್ನು ಬಿಟ್ಟು 2008ರಲ್ಲಿ ಕ್ಲೀನರುಗಳನ್ನು ತನ್ನದೇ ನೌಕರರನ್ನಾಗಿ ಮಾಡಿಕೊಂಡಿತು. ಅದೇ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಸ್ವಚ್ಛತೆಯ ಗುಣಮಟ್ಟ ಸುಧಾರಿಸಿದ್ದು ಕಂಡುಬಂತು. ಕಡಿಮೆ ಕೂಲಿಯಿಂದ ಆಗುವ ಉಳಿತಾಯ ಲೆಕ್ಕಪುಸ್ತಕದ ಒಂದು ಸಾಲಿನಲ್ಲಿ ಎದ್ದು ಕಾಣುತ್ತದೆ. ಅದರ ನಷ್ಟ ಹತ್ತು ಸಾಲುಗಳಲ್ಲಿ ಚದುರಿ ಅಡಗಿರುತ್ತದೆ.

2025ರ ಅಕ್ಟೋಬರ್‌ನಲ್ಲಿ ಘೋಷಿಸಿದ ಲಂಡನ್ ಲಿವಿಂಗ್ ವೇಜ್ ಗಂಟೆಗೆ 14.80 ಪೌಂಡ್. ಕಾನೂನು ಕಡ್ಡಾಯ ಮಾಡುವ ಕನಿಷ್ಠ ಕೂಲಿ 2026ರ ಏಪ್ರಿಲ್‌ನಿಂದ 12.71 ಪೌಂಡ್. ವಾರಕ್ಕೆ 40 ಗಂಟೆ ದುಡಿದರೆ ವ್ಯತ್ಯಾಸ 83 ಪೌಂಡ್ ದಾಟುತ್ತದೆ. ಅದನ್ನು ಕೊಡಲೇಬೇಕೆಂಬ ಕಾನೂನಿಲ್ಲ. ಸಾವಿರಾರು ಸಂಸ್ಥೆಗಳು ಸ್ವಂತ ಇಚ್ಛೆಯಿಂದ ಒಪ್ಪಿವೆ. ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕೂಡ ಊರಿನ ಖರ್ಚನ್ನು ಸಂಬಳದೊಳಗೆ ತಂದಿದೆ. ಒಳ ಲಂಡನ್ನಿನ ನರ್ಸ್‌ಗೆ ಮೂಲ ಸಂಬಳದ ಶೇ 20, ಹೊರ ಲಂಡನ್ನಿನಲ್ಲಿ ಶೇ 15, ಅಂಚಿನ ಪ್ರದೇಶದಲ್ಲಿ ಶೇ 5 ಹೆಚ್ಚುವರಿ ಭತ್ಯೆ ಇದೆ, ಅದಕ್ಕೆ ಕೆಳಮಿತಿ, ಮೇಲ್ಮಿತಿಗಳೂ ಇವೆ. ಮಂಗಳೂರು, ಬೆಂಗಳೂರುಗಳಲ್ಲಿ ನರ್ಸಿಂಗ್ ಓದಿ ಅಲ್ಲಿಗೆ ಹೋದ ನಮ್ಮ ಮಕ್ಕಳಿಗೆ ಇದರ ಬೆಲೆ ಗೊತ್ತು. ರೋಗಿಯ ಪಕ್ಕದಲ್ಲಿ ಅನುಭವಿ ನರ್ಸ್ ಇರಬೇಕು ಎಂಬುದು ಆಸ್ಪತ್ರೆಯ ಗುರಿಯಾದರೆ, ಆ ನರ್ಸ್ ಊರು ಬಿಡದಂತೆ ನೋಡಿಕೊಳ್ಳುವುದೂ ಗುರಿಯ ಭಾಗವೇ.

ಬೆಂಗಳೂರಿನಲ್ಲೂ ಇದೇ ಹೋರಾಟ ನಡೆದಿದೆ. ಪೌರಕಾರ್ಮಿಕರು ಎಷ್ಟೋ ವರ್ಷ ಗುತ್ತಿಗೆದಾರರ ಕೈಕೆಳಗೆ ದುಡಿದರು. ಸಂಬಳ ತಿಂಗಳುಗಟ್ಟಲೆ ತಡವಾಗುತ್ತಿದ್ದ ಬಗ್ಗೆ ಬೀದಿಗಿಳಿದರು. 2025ರ ಮೇ 1ರಂದು, ಕಾರ್ಮಿಕರ ದಿನ, 12,692 ಪೌರಕಾರ್ಮಿಕರಿಗೆ ಖಾಯಂ ನೇಮಕಾತಿ ಪತ್ರ ಕೊಡಲಾಯಿತು. ನಗರ ಸ್ವಚ್ಛವಾಗಿರಬೇಕು ಎಂದು ಬಾಯಲ್ಲಿ ಹೇಳುತ್ತಾ, ಸ್ವಚ್ಛ ಮಾಡುವ ಕೈಗೆ ಭದ್ರತೆ ಇಲ್ಲದಂತೆ ನೋಡಿಕೊಂಡ ಅಷ್ಟೂ ವರ್ಷ ನಮ್ಮ ಸಂಬಳದ ಪಟ್ಟಿ ನಗರದ ಗುರಿಗೆ ವಿರುದ್ಧವಾಗಿಯೇ ಇತ್ತು.

ಎಲ್ಲರ ಲಾಭ, ಎಲ್ಲರ ನಷ್ಟ

ನೌಕರರ ಹಿತವನ್ನು ವ್ಯಾಪಾರದ ಹಿತದ ಜೊತೆ ಅತ್ಯಂತ ಬಿಗಿಯಾಗಿ ಹೆಣೆಯಲು ನೋಡಿದ ಪ್ರಯೋಗವೂ ಲಂಡನ್ನಿನದೇ. 1864ರಲ್ಲಿ ಆಕ್ಸ್‌ಫರ್ಡ್ ಬೀದಿಯಲ್ಲಿ ಶುರುವಾದ ಬಟ್ಟೆ ಅಂಗಡಿ ಜಾನ್ ಲೂಯಿಸ್. ಮಾಲೀಕರ ಮಗ ಜಾನ್ ಸ್ಪೀಡನ್ ಲೂಯಿಸ್ ಲೆಕ್ಕ ನೋಡುವಾಗ ಒಂದು ಸಂಗತಿ ಅವರನ್ನು ಕಾಡಿತು: ಅಂಗಡಿಯ ಎಲ್ಲ ನೌಕರರ ಒಟ್ಟು ಸಂಬಳಕ್ಕಿಂತ ತಂದೆ, ತಾನು, ತಮ್ಮ ಈ ಮೂವರು ಪಡೆಯುವ ಹಣವೇ ಹೆಚ್ಚು. ಸ್ಲೋನ್ ಸ್ಕ್ವೇರ್‌ನ ಪೀಟರ್ ಜೋನ್ಸ್ ಅಂಗಡಿ ತಮ್ಮ ಕೈಗೆ ಬಂದ ಮೇಲೆ ಅವರು ಲಾಭ ಹಂಚಿಕೆ ಆರಂಭಿಸಿದರು. 1929ರಲ್ಲಿ ಟ್ರಸ್ಟ್ ರಚಿಸಿ, 1950ರಲ್ಲಿ ಅದನ್ನು ಪೂರ್ತಿಗೊಳಿಸಿ, ಇಡೀ ವ್ಯಾಪಾರವನ್ನು ನೌಕರರ ಪರವಾಗಿ ಟ್ರಸ್ಟಿಗೆ ಒಪ್ಪಿಸಿಬಿಟ್ಟರು.

ಅಲ್ಲಿ ಬೋನಸ್ ಎಲ್ಲರಿಗೂ ಸಂಬಳದ ಒಂದೇ ಶೇಕಡಾವಾರು. ಅಧ್ಯಕ್ಷರಿಗೆ ಎಷ್ಟು ಶೇಕಡಾವೋ ಬಿಲ್ ಹಾಕುವವರಿಗೂ ಅಷ್ಟೇ. 2008ರಲ್ಲಿ ಅದು ಶೇ 20 ಇತ್ತು, ಅಂದರೆ ಹತ್ತು ವಾರಕ್ಕೂ ಹೆಚ್ಚಿನ ಸಂಬಳ. ಆಮೇಲೆ ಆನ್‌ಲೈನ್ ಮಾರಾಟದ ಪೈಪೋಟಿ, ಕೋವಿಡ್, ಬೆಲೆಯೇರಿಕೆ ಒಂದರ ಮೇಲೊಂದು ಬಂದವು. 2021ರಲ್ಲಿ, 1953ರ ನಂತರ ಮೊದಲ ಸಲ, ಬೋನಸ್ ಇಲ್ಲವಾಯಿತು. 2022ರಲ್ಲಿ ಶೇ 3 ಬಂತು. 2023, 2024, 2025ರಲ್ಲಿ ಮತ್ತೆ ಇಲ್ಲ. ಗಮನಿಸಬೇಕಾದದ್ದು ಕೊನೆಯ ಎರಡು ವರ್ಷ. ಆಗ ಲಾಭ ಬಂದಿತ್ತು. ಆದರೂ ಆಡಳಿತ ಬೋನಸ್ ಬಿಟ್ಟು ಮೂಲ ಸಂಬಳ ಏರಿಸಲು ಎರಡೂ ವರ್ಷ ಹತ್ತು ಕೋಟಿ ಪೌಂಡಿಗೂ ಮೀರಿದ ಹಣ ತೆಗೆದಿಟ್ಟಿತು.

ಬೋನಸ್ ನಿಂತದ್ದನ್ನು ನೋಡಿ ಪ್ರಯೋಗವೇ ಸೋತಿತು ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬೆಲೆಗಳು ಏರಿದ ಕಾಲದಲ್ಲಿ ಅಂಗಡಿಯ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಬರಬಹುದಾದ ಹಣಕ್ಕಿಂತ ಪ್ರತಿ ತಿಂಗಳು ಖಂಡಿತ ಬರುವ ಹಣ ಬೇಕಿತ್ತು. ಅಂಗಡಿಗಳ ದುರಸ್ತಿ, ಹೊಸ ವ್ಯವಸ್ಥೆಗಳಿಗೂ ಬಂಡವಾಳ ಬೇಕಿತ್ತು. ಕಾಲ ಬದಲಾದಾಗ ಸಂಬಳದ ರಚನೆಯನ್ನು ಗುರಿಗೆ ತಕ್ಕಂತೆ ತಿರುಗಿಸಬೇಕಾಗುತ್ತದೆ, ಅದನ್ನೇ ಅವರು ಮಾಡಿದರು. ನಷ್ಟದ ವರ್ಷ ಮೇಲಿನವರಿಗೂ ಕೆಳಗಿನವರಿಗೂ ಬೋನಸ್ ಒಂದೇ ರೀತಿ ತಪ್ಪಿತು. ಲಾಭದಲ್ಲಿ ಪಾಲು ಎಂಬ ಮಾತು ಪ್ರಾಮಾಣಿಕವೋ ಅಲ್ಲವೋ ಎಂಬುದು ಗೊತ್ತಾಗುವುದು ಇಂಥ ವರ್ಷಗಳಲ್ಲಿಯೇ.

ಕರ್ನಾಟಕದಲ್ಲಿ ಇನ್ಫೋಸಿಸ್ 1994ರಲ್ಲಿ ನೌಕರರಿಗೆ ಷೇರು ಕೊಡುವ ಯೋಜನೆ ತಂದಾಗ ಭಾರತದ ಕಂಪನಿಗಳಿಗೆ ಅದು ಅಪರೂಪದ ಆಲೋಚನೆ. ದೊಡ್ಡ ಸಂಬಳ ಕೊಡಲು ಆಗದ ಕಾಲದಲ್ಲಿ ಪ್ರತಿಭಾವಂತರನ್ನು ಉಳಿಸಿಕೊಳ್ಳಲು, ಕಂಪನಿಯ ನಾಳೆಯಲ್ಲಿ ಅವರಿಗೊಂದು ಪಾಲು ಕೊಟ್ಟರು. ಇಂದು ಬೆಂಗಳೂರಿನ ಸ್ಟಾರ್ಟಪ್‌ಗಳಲ್ಲಿ ಇಂಥ ಷೇರು ಯೋಜನೆ, ಅಂದರೆ ಇಎಸ್‌ಒಪಿ, ಮನೆಮಾತು. ಆದರೆ ಆ ಷೇರು ಯಾವಾಗ ಕೈಗೆ ಬರುತ್ತದೆ, ಕೆಲಸ ಬಿಟ್ಟರೆ ಏನಾಗುತ್ತದೆ, ಮಾರಲು ದಾರಿಯಿದೆಯೇ ಎಂದು ಸೇರುವ ದಿನವೇ ವಿವರಿಸುವ ಕಂಪನಿ ಮಾತ್ರ ಅದನ್ನು ನಿಜವಾದ ಪಾಲು ಎನ್ನಬಹುದು.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಲಂಡನ್ನಿನ ಈ ಅನುಭವಗಳಿಂದ ಹುಬ್ಬಳ್ಳಿಯ ಬಿಡಿಭಾಗದ ಕಾರ್ಖಾನೆಯಾಗಲಿ ವೈಟ್‌ಫೀಲ್ಡಿನ ಐಟಿ ಕಂಪನಿಯಾಗಲಿ ತೆಗೆದುಕೊಳ್ಳಬಹುದಾದದ್ದು ಕಷ್ಟದ ವಿದ್ಯೆಯೇನಲ್ಲ. ಮೊದಲು ಮುಂದಿನ ಮೂರು ವರ್ಷ ವ್ಯಾಪಾರ ಎಲ್ಲಿಗೆ ಹೋಗಬೇಕು ಎಂದು ಒಂದು ಹಾಳೆಯಲ್ಲಿ ಬರೆಯಬೇಕು. ಪಕ್ಕದ ಹಾಳೆಯಲ್ಲಿ ಕಳೆದ ವರ್ಷ ಯಾರಿಗೆ, ಯಾವ ಕೆಲಸಕ್ಕೆ ಇನ್‌ಕ್ರಿಮೆಂಟ್ ಮತ್ತು ಪ್ರೋತ್ಸಾಹಧನ ಹೋಯಿತು ಎಂದು ಬರೆಯಬೇಕು. ಗುಣಮಟ್ಟವೇ ಗುರಿ ಎಂದು ಮೊದಲ ಹಾಳೆ ಹೇಳಿ, ಹೆಚ್ಚು ಪೀಸ್ ತೆಗೆದವರಿಗೇ ಹಣ ಹೋಗಿದೆ ಎಂದು ಎರಡನೆಯದು ಹೇಳಿದರೆ ಕೆಲಸ ಅಲ್ಲಿಂದಲೇ ಶುರುವಾಗಬೇಕು. ಹೊಸಬರನ್ನು ಬೆಳೆಸಬೇಕು ಎನ್ನುವ ಐಟಿ ಕಂಪನಿ ಬಿಲ್ಲಿಂಗ್ ಗಂಟೆಗಳಿಗೆ ಮಾತ್ರ ವೇರಿಯೇಬಲ್ ಪೇ ಕಟ್ಟಿದ್ದರೆ, ಕಿರಿಯರಿಗೆ ಕಲಿಸಲು ಕೂರುವ ಹಿರಿಯರು ತಮ್ಮ ಕೈಯಿಂದಲೇ ಹಣ ಕಳೆದುಕೊಳ್ಳುತ್ತಿರುತ್ತಾರೆ.

ಆಮೇಲೆ ಮೂರು ವಿಷಯ ನೋಡಬೇಕು. ಬಹುಮಾನ ಬರುವ ಹೊತ್ತಿಗೆ ಕೆಲಸದ ನಿಜವಾದ ಫಲ ಗೊತ್ತಾಗಿರುತ್ತದೆಯೇ? ಗುರಿ ಒಂದು ಸಲ ತಪ್ಪಿದರೆ ಮನೆ ನಡೆಯದ ಸ್ಥಿತಿ ಬರುತ್ತದೆಯೇ? ಬಂದರೆ ಆ ಭಯದಲ್ಲಿ ಯಾರೂ ಸರಿಯಾದ ನಿರ್ಧಾರ ಮಾಡಲಾರರು. ಮೂಲ ಸಂಬಳ ಬದುಕಿಗೆ ಸಾಕಾಗಲೇಬೇಕು, ಅದರ ಮೇಲಿನದ್ದು ಮಾತ್ರ ಏರಿಳಿಯಬಹುದು. ಮೇಲಿನ ಮತ್ತು ಕೆಳಗಿನ ಸಂಬಳದ ಅಂತರವನ್ನು ಬಹಿರಂಗವಾಗಿ ಹೇಳಲು ಸಾಧ್ಯವೇ? ಬ್ರಿಟನ್ನಿನಲ್ಲಿ 250ಕ್ಕಿಂತ ಹೆಚ್ಚು ನೌಕರರಿರುವ ಲಿಸ್ಟೆಡ್ ಕಂಪನಿಗಳು ಸಿಇಒ ಸಂಬಳ ಸಾಮಾನ್ಯ ನೌಕರರ ಸಂಬಳದ ಎಷ್ಟು ಪಟ್ಟು ಎಂಬುದನ್ನು 2019ರ ಹಣಕಾಸು ವರ್ಷದಿಂದ ಪ್ರಕಟಿಸಲೇಬೇಕು. ಜಾನ್ ಲೂಯಿಸ್ ಸಂಸ್ಥೆಯ ಸಂವಿಧಾನವಂತೂ ಆ ಅಂತರಕ್ಕೆ 75 ಪಟ್ಟಿನ ಗರಿಷ್ಠ ಮಿತಿ ಹಾಕಿಕೊಂಡಿದೆ. ಹೇಳಿಕೊಳ್ಳಲು ನಾಚಿಕೆಯಾಗುವ ಅಂತರ ಒಳಗಿನ ನಂಬಿಕೆಯನ್ನು ತಿನ್ನುತ್ತದೆ. ನಂಬಿಕೆ ಹೋದ ಕಡೆ ಯಾವ ಪ್ರೋತ್ಸಾಹಧನವೂ ಕೆಲಸ ಮಾಡುವುದಿಲ್ಲ.

ಇವೆಲ್ಲದರ ಕೊನೆಗೆ ಒಂದು ಪರೀಕ್ಷೆ ಸಾಕು. ನಿಮ್ಮ ಸಂಸ್ಥೆಯ ಬೋನಸ್ ನಿಯಮವನ್ನು ನಿಮ್ಮ ಗ್ರಾಹಕರ ಎದುರು ಜೋರಾಗಿ ಓದಿ. ಈ ನೌಕರರಿಗೆ ಯಾವಾಗ ಹೆಚ್ಚು ಹಣ ಸಿಗುತ್ತದೆ ಎಂದು ತಿಳಿದ ಮೇಲೂ ಆ ಗ್ರಾಹಕರು ಅವರ ಸಲಹೆಯನ್ನು ನೆಮ್ಮದಿಯಿಂದ ಒಪ್ಪುವಂತಿದ್ದರೆ, ನಿಮ್ಮ ಸಂಬಳ ಮತ್ತು ನಿಮ್ಮ ಗುರಿ ಒಂದೇ ದಿಕ್ಕಿನಲ್ಲಿವೆ. ಒಪ್ಪುವಂತಿಲ್ಲದಿದ್ದರೆ ಆ ನಿಯಮವನ್ನು ಮುಂದಿನ ಇನ್‌ಕ್ರಿಮೆಂಟಿಗೆ ಮೊದಲೇ ಬದಲಿಸಿ. ಲಾಯ್ಡ್ಸ್ ಬ್ಯಾಂಕಿನ ಆಡಳಿತ ಈ ಪ್ರಶ್ನೆಯನ್ನು 2010ರಲ್ಲೇ ತನಗೆ ತಾನು ಕೇಳಿಕೊಂಡಿದ್ದರೆ ಅದಕ್ಕೆ ಒಂದು ಪೌಂಡೂ ಖರ್ಚಾಗುತ್ತಿರಲಿಲ್ಲ.